ಗಾಡಿ ಹತ್ತುವುದಕ್ಕೊಂದು ಕಟ್ಟೆ ಬೇಕು

ಬೆಳೆಗಾರರು ಇಬ್ಬರು ಸೇರಿದರೆ ಮಾತು ಧಾರಣೆ, ಕೊಳೆರೋಗ, ಎಲೆಚುಕ್ಕೆ, ಕಾಂಡಕೊರಕ, ಆಳುಗಳ ಅಭಾವ ಇವುಗಳನ್ನು ಬಿಟ್ಟು ಆಚೆಗೆ ಹೋಗುವುದು ಕಡಿಮೆ. ನಮ್ಮ ಪತ್ರಿಕೆಯ ಪುಟಗಳೂ ಇದಕ್ಕೆ ಹೊರತಲ್ಲ. ಈ ಸಲ ಯಾರ ಬಾಯಲ್ಲೂ ಬಾರದ ಒಂದು ವಿಷಯವನ್ನು ಸದಸ್ಯ ಬಾಂಧವರ ಮುಂದೆ ಇಡಬೇಕೆಂದಿದ್ದೇವೆ. ಮಂಡಿ ನೋವಿನವರು, ಸೊಂಟ ಹಿಡಿದವರು, ಒಂದು ಕಾಲು ಊನವಾದವರು, ವಯಸ್ಸಾದವರು ನಮ್ಮ ಟ್ರಾಕ್ಟರ್ ಟ್ರೈಲರುಗಳನ್ನೂ ಪಿಕಪ್ಪುಗಳನ್ನೂ ಲಾರಿಗಳನ್ನೂ ಹೇಗೆ ಹತ್ತುತ್ತಾರೆ, ಹೇಗೆ ಇಳಿಯುತ್ತಾರೆ ಎಂಬುದೇ ಆ ವಿಷಯ.

ಇದೇನು ಮಹಾ ವಿಷಯವೆಂದು ಪುಟ ತಿರುಗಿಸುವ ಮೊದಲು ಒಂದು ಲೆಕ್ಕ ನೋಡಬೇಕು. ಮನೆಯ ಮೆಟ್ಟಿಲಿನ ಎತ್ತರ ಸಾಮಾನ್ಯವಾಗಿ 7 ಅಂಗುಲ. ಪಿಕಪ್ಪಿನ ಹಲಗೆ ನೆಲದಿಂದ ಸುಮಾರು 2½ ಅಡಿ, ಟ್ರಾಕ್ಟರ್ ಟ್ರೈಲರಿನದು 3ರಿಂದ 3½ ಅಡಿ, ಲಾರಿಯದು 4 ಅಡಿ ಅಥವಾ ಅದಕ್ಕೂ ಮೇಲೆ. ಅಂದರೆ ಲಾರಿ ಹತ್ತುವವನು ಏಳು ಮೆಟ್ಟಿಲುಗಳ ಎತ್ತರವನ್ನು ಒಂದೇ ನೆಗೆತಕ್ಕೋ ಎರಡು ನೆಗೆತಕ್ಕೋ ಏರಬೇಕು. ಮನೆಗೆ ಅಂಥ ಮೆಟ್ಟಿಲು ಕಟ್ಟಿದ ಮೇಸ್ತ್ರಿಗೆ ನಾವು ಕೂಲಿ ಕೊಡುವುದಿರಲಿ, ಮತ್ತೆ ಹೊಸಲು ಮೆಟ್ಟಲೂ ಬಿಡುತ್ತಿರಲಿಲ್ಲ.

ಮಂಡಿಯ ಮಾತೂ ಇದೆ. ಸಾಧಾರಣ ಮೆಟ್ಟಿಲು ಹತ್ತುವಾಗಲೇ ಮಂಡಿಯ ಕೀಲಿನ ಮೇಲೆ ಬೀಳುವ ಭಾರ ದೇಹದ ತೂಕದ ಸುಮಾರು ಮೂರು ಪಟ್ಟು ಎಂದು ವೈದ್ಯರು ಅಳೆದು ಕಂಡುಕೊಂಡಿದ್ದಾರೆ. ಇಳಿಯುವಾಗ ಅದು ಇನ್ನಷ್ಟು ಹೆಚ್ಚು. ಹತ್ತುವುದು ಕಷ್ಟ, ಇಳಿಯುವುದು ಸುಲಭ ಎಂಬುದು ಗಟ್ಟಿ ಕಾಲಿನವರ ಎಣಿಕೆ. ಮಂಡಿ ಸವೆದವರನ್ನು ಕೇಳಿದರೆ ಇಳಿಯುವುದೇ ಕಷ್ಟವೆನ್ನುತ್ತಾರೆ. ಟ್ರೈಲರಿನ ಅಂಚಿನಿಂದ ಕೆಳಕ್ಕೆ ಧುಮುಕಿದರಂತೂ ಏನಾಗುತ್ತದೆಂದು ಬೇರೆ ಹೇಳಬೇಕಾಗಿಲ್ಲ.

ಇಂಥವರು ನಮ್ಮಲ್ಲಿ ಎಷ್ಟು ಮಂದಿ? ಲೆಕ್ಕವಿಟ್ಟವರಿಲ್ಲ, ಆದರೆ ಸುತ್ತ ನೋಡಿದರೆ ಸಾಕು. ಎರಡು ಮೂರು ಎಕರೆಯ ಎಷ್ಟೋ ತೋಟಗಳನ್ನು ಇಂದು ನಡೆಸುತ್ತಿರುವವರು ಅರವತ್ತು ದಾಟಿದ ಗಂಡ ಹೆಂಡತಿ, ಮಕ್ಕಳು ಬೆಂಗಳೂರಿನಲ್ಲಿ. ಕೊಯ್ಲಿಗೆ ಬರುವ ಹೆಂಗಸರಲ್ಲಿ ಮೂವತ್ತು ನಲವತ್ತು ವರ್ಷ ಇಳಿಜಾರಿನಲ್ಲಿ ಕಾಫಿ ಕುಯ್ದು, ಕುಕ್ಕರುಗಾಲಿನಲ್ಲಿ ಕೂತು ಕಳೆ ತೆಗೆದು, ತಲೆಯ ಮೇಲೆ ಮೂಟೆ ಹೊತ್ತು ಕಾಲು ಸವೆಸಿಕೊಂಡವರು ಬಹಳ. ಅಡಿಕೆ ಸೀಮೆಗೆ ಇನ್ನೊಂದು ದುಃಖವೂ ಇದೆ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ನಡುವೆ ಗುರುತಿಸಲಾದ, ಆ ಊರಿನ ಹೆಸರನ್ನೇ ಹೊತ್ತ ಕಾಯಿಲೆ ಸೊಂಟದ ಮತ್ತು ಮಂಡಿಯ ಕೀಲುಗಳನ್ನು ಕೆಡಿಸುವಂಥದು. ಅದಕ್ಕೆ ತುತ್ತಾದವರಲ್ಲಿ ಹೆಚ್ಚಿನವರು ಹೊಲ, ತೋಟದಲ್ಲಿ ದುಡಿಯುವ ಬಡವರು. ವಯಸ್ಸಾದ ಮೇಲೆ ಬರುವ ಮಂಡಿ ನೋವು ಒಂದು, ದುಡಿಯುವ ಪ್ರಾಯದಲ್ಲೇ ಕಾಲು ಸೋಲುವುದು ಇನ್ನೊಂದು. ಗಾಡಿಯ ಎತ್ತರ ಮಾತ್ರ ಇಬ್ಬರಿಗೂ ಒಂದೇ.

ಈಗ ನಡೆಯುತ್ತಿರುವುದನ್ನು ನೋಡೋಣ. ಪಿಕಪ್ ಬಂದು ನಿಲ್ಲುತ್ತದೆ. ಹರೆಯದವರು ಚಕ್ರದ ಮೇಲೆ ಕಾಲಿಟ್ಟು ಹಾರಿ ಮೇಲಿರುತ್ತಾರೆ. ಕೊನೆಗೆ ಉಳಿಯುವವರು ಇಬ್ಬರು ಮೂವರು. 'ಬಾರಕ್ಕ, ಕೈ ಕೊಡು' ಎಂದು ಮೇಲಿನವನು ರಟ್ಟೆ ಹಿಡಿದು ಎಳೆಯುತ್ತಾನೆ, ಕೆಳಗಿನವನು ನೂಕುತ್ತಾನೆ. ಆಕೆ ಮಂಡಿ ಊರಿಕೊಂಡು, ಸೀರೆ ಸರಿಪಡಿಸಿಕೊಳ್ಳುತ್ತ ನಕ್ಕುಬಿಡುತ್ತಾಳೆ. ಸುತ್ತಲಿದ್ದವರೂ ನಗುತ್ತಾರೆ. ಆ ನಗುವಿನಲ್ಲಿ ಎಷ್ಟು ಅವಮಾನ ಅಡಗಿದೆಯೆಂಬುದನ್ನು ಯಾರೂ ವಿಚಾರಿಸುವುದಿಲ್ಲ. ಅಡಿಕೆ ಚೀಲವನ್ನಾದರೂ ಇಬ್ಬರು ಲೆಕ್ಕ ಹಾಕಿ ಎತ್ತುತ್ತಾರೆ. ಹೀಗೆ ರಟ್ಟೆ ಎಳೆಯುವುದರಿಂದ ವಯಸ್ಸಾದವರ ಭುಜದ ಕೀಲು ಜಾರಬಹುದು, ಎಳೆಯುವವನೇ ಮುಗ್ಗರಿಸಿ ಕೆಳಗೆ ಬೀಳಬಹುದು.

(ಸರಕು ಸಾಗಿಸುವ ಗಾಡಿಯಲ್ಲಿ ಆಳುಗಳನ್ನು ತುಂಬಿಕೊಂಡು ಹೋಗುವುದೇ ತಪ್ಪು, ಅದಕ್ಕೆ ಜೀಪೋ ವ್ಯಾನೋ ಮಾಡಬೇಕು ಎಂಬ ಮಾತು ಸರಿಯಾದುದೇ. ಅಪಘಾತವಾದ ದಿನ ಆ ಮಾತಿನ ಬೆಲೆ ಎಲ್ಲರಿಗೂ ತಿಳಿಯುತ್ತದೆ. ಆದರೆ ಆಳು ಸಾಗಣೆ ನಾಳೆಯೇ ನಿಂತರೂ ಗೊಬ್ಬರ ಇಳಿಸಲು, ಮೂಟೆ ಜೋಡಿಸಲು, ಟಾರ್ಪಾಲು ಕಟ್ಟಲು, ಎಣಿಕೆ ನೋಡಲು ಯಾರಾದರೂ ಗಾಡಿ ಹತ್ತಲೇಬೇಕು. ಆದ್ದರಿಂದ ನಮ್ಮ ವಿಷಯ ಹಾಗೆಯೇ ಉಳಿಯುತ್ತದೆ.)

ಈ ಕಷ್ಟ ಇಷ್ಟು ವರ್ಷ ಮಾತಿಗೆ ಬಾರದಿದ್ದುದಕ್ಕೆ ಕಾರಣ ಏನೆಂದು ಯೋಚಿಸಿದರೆ ಒಂದೇ ಉತ್ತರ ಹೊಳೆಯುತ್ತದೆ. ನೋವಿರುವವರು ಅದನ್ನು ಹೇಳಿಕೊಳ್ಳುವುದಿಲ್ಲ. 'ನನಗೆ ಹತ್ತಲಾಗದು' ಎಂದು ಇಂದು ಹೇಳಿದ ಆಳಿಗೆ ನಾಳೆ ಕರೆ ಬಾರದಿರಬಹುದು. ಹೆಸರು ಬಿಟ್ಟುಹೋಗುವುದಕ್ಕಿಂತ ಹಲ್ಲು ಕಚ್ಚಿ ಹತ್ತುವುದೇ ಮೇಲೆಂದು ಅವರು ಬಗೆಯುತ್ತಾರೆ. ಬೆಳೆಗಾರರಾದ ನಮ್ಮ ಪಾಡೂ ಬೇರೆಯಲ್ಲ. ಮಾಲು ಲಾರಿಗೆ ಏರುವಾಗ ಮೇಲೆ ನಿಂತು ಚೀಲ ಎಣಿಸುವುದು, ಖರೀದಿ ಕೇಂದ್ರದಲ್ಲಿ ಮಾದರಿ ತೆಗೆಯುವಾಗ ಪಕ್ಕದಲ್ಲಿರುವುದು ಒಡೆಯನ ಹಕ್ಕು. ಹತ್ತಲಾಗದ ಹಿರಿಯ ಸದಸ್ಯರು, ಗಂಡನಿಲ್ಲದೆ ತೋಟ ನಡೆಸುತ್ತಿರುವ ತಾಯಂದಿರು ಕೆಳಗೆ ನಿಂತು ಮೇಲಿನವರು ಕೂಗಿದ ಲೆಕ್ಕವನ್ನೇ ಬರೆದುಕೊಳ್ಳಬೇಕಾಗುತ್ತದೆ. ಹತ್ತಲಾಗದೆ ಹೋಗುವುದೆಂದರೆ ಒಬ್ಬರಿಗೆ ಕೂಲಿಯ ನಷ್ಟ, ಇನ್ನೊಬ್ಬರಿಗೆ ಮಾಲಿನ ಮೇಲಿನ ಹಿಡಿತದ ನಷ್ಟ.

ಹೀಗಿರುವಾಗ 'ಯಾರಿಗೆ ಕಷ್ಟವೋ ಅವರು ಹೇಳಲಿ, ಏಣಿ ತರಿಸೋಣ' ಎನ್ನುವುದರಿಂದ ಕೆಲಸವಾಗದು. ಕೇಳದೆಯೇ ಎಲ್ಲರಿಗೂ ಸಿಗುವ ಹಾಗೆ ಹತ್ತುವ ಜಾಗವೊಂದು ಮೊದಲೇ ಇರಬೇಕು. ಮೆಟ್ಟಿಲಿದ್ದಲ್ಲಿ ಇಪ್ಪತ್ತರ ಹುಡುಗನೂ ಅದರ ಮೇಲೆಯೇ ಹತ್ತುತ್ತಾನೆ, ಅರವತ್ತರ ಮುದುಕಿಯೂ ಹತ್ತುತ್ತಾಳೆ; ಯಾರ ಕಾಲು ಹೇಗಿದೆಯೆಂದು ಯಾರಿಗೂ ತಿಳಿಯಬೇಕಾಗಿಲ್ಲ.

ಇದೇನೂ ನಮ್ಮ ನಾಡಿಗೆ ಹೊಸ ಮಾತಲ್ಲ. ಹಳೆಯ ದಾರಿಗಳ ಬದಿಯಲ್ಲಿ ಹೊರೆಗಲ್ಲುಗಳನ್ನು ನೋಡದವರು ಯಾರು? ಎರಡು ನಿಲುವುಗಲ್ಲು, ಮೇಲೊಂದು ಅಡ್ಡಗಲ್ಲು. ತಲೆಹೊರೆ ಹೊತ್ತು ಬಂದವನು ಇನ್ನೊಬ್ಬರನ್ನು ಕರೆಯದೆ, ಬಗ್ಗದೆ, ಹೊರೆಯನ್ನು ಕಲ್ಲಿನ ಮೇಲೆ ಜಾರಿಸಿ ದಣಿವಾರಿಸಿಕೊಂಡು ಮತ್ತೆ ತಲೆಗೆ ತಂದುಕೊಳ್ಳುವಷ್ಟು ಎತ್ತರಕ್ಕೆ ಅದನ್ನು ನಿಲ್ಲಿಸುತ್ತಿದ್ದರು. ನಿಲ್ಲಿಸಿದವರು ಹೊರೆ ಹೊರುವವನ ತಲೆ ಎಷ್ಟೆತ್ತರದಲ್ಲಿದೆ ಎಂದು ಯೋಚಿಸಿದ್ದರು. ಲಾರಿ ಬಂದು ಇಷ್ಟು ಕಾಲವಾದರೂ ಲಾರಿಯ ಎತ್ತರಕ್ಕೆ ತಕ್ಕ ಕಲ್ಲನ್ನು ನಾವು ಯಾರೂ ನಿಲ್ಲಿಸಿಲ್ಲ.

ನಿಲ್ಲಿಸುವುದಕ್ಕೆ ಮಲೆನಾಡಿನಷ್ಟು ಅನುಕೂಲವಾದ ಜಾಗ ಬೇರಿಲ್ಲ. ಬಯಲುಸೀಮೆಯವರು ಕಟ್ಟೆಯನ್ನು ನೆಲದಿಂದ ಮೇಲಕ್ಕೆ ಕಟ್ಟಬೇಕು. ನಮಗೆ ಧರೆಯೇ ಇದೆ. ಕೊಡಗಿನ ಕಡೆಯವರು ಬರೆ ಎನ್ನುತ್ತಾರೆ. ಕಣದ ಅಂಚಿನಲ್ಲಿಯೋ ಗೋದಾಮಿನ ಪಕ್ಕದಲ್ಲಿಯೋ ಮೇಲಿನ ನೆಲಕ್ಕೂ ಕೆಳಗಿನ ಗಾಡಿದಾರಿಗೂ ಮೂರು ಮೂರೂವರೆ ಅಡಿ ವ್ಯತ್ಯಾಸವಿರುವ ಜಾಗವನ್ನು ಹುಡುಕಿ ಅಲ್ಲಿ ಧರೆಯನ್ನು ನೇರ ಮಾಡಿ ಗೋಡೆ ಕೊಟ್ಟರೆ ಸಾಕು. ಟ್ರೈಲರನ್ನು ಹಿಂದಕ್ಕೆ ತಂದು ಗೋಡೆಗೆ ತಾಗಿಸಿದರೆ ಮೇಲಿನ ನೆಲದಿಂದ ಹಲಗೆಗೆ ಸಮತಟ್ಟಾಗಿ ನಡೆದುಹೋಗಬಹುದು. ಹತ್ತುವುದೆಂಬುದೇ ಇಲ್ಲ. ಊರುಗೋಲಿನವರೂ ಹೋಗಬಹುದು, ಕೈಗಾಡಿಯಲ್ಲಿ ಮೂಟೆಯನ್ನೂ ತಳ್ಳಬಹುದು. ನಾವು ನೋಡಿದ ಒಂದು ಸಣ್ಣ ತೋಟದಲ್ಲಿ ಗೊಬ್ಬರ ತುಂಬುವುದಕ್ಕೆಂದು ಹೀಗೆ ಮಾಡಿಕೊಂಡಿದ್ದರು. ಆ ಮನೆಯ ಅಜ್ಜಿ ಅದರ ಮೇಲೆಯೇ ಪಿಕಪ್ ಹತ್ತಿ ನೆಂಟರ ಮನೆಗೆ ಹೋಗಿಬರುತ್ತಾರಂತೆ.

ಆದರೆ ಕಡಿದ ಧರೆಯನ್ನು ಹಾಗೇ ಬಿಡಬಾರದು. 2018ರ ಮಳೆಗಾಲದಲ್ಲಿ ಕೊಡಗಿನ ಗುಡ್ಡಗಳು ಕುಸಿದುದನ್ನು ಕಂಡವರಿಗೆ ಇದನ್ನು ಒತ್ತಿ ಹೇಳಬೇಕಾಗಿಲ್ಲ. ಕಾಡುಗಲ್ಲೋ ಜಂಬಿಟ್ಟಿಗೆಯೋ ಗೋಡೆ ಕಟ್ಟಿ, ಹಿಂದಿನ ನೀರು ಬಸಿಯಲು ಅಲ್ಲಲ್ಲಿ ತೂತು ಬಿಟ್ಟು, ಬುಡದಲ್ಲಿ ಬಸಿಗಾಲುವೆ ತೆಗೆಯಬೇಕು. ಲಾರಿಯ ಎತ್ತರ ತಗ್ಗಿಸಲೆಂದು ಚಕ್ರದ ಜಾಡನ್ನು ಅಗೆದು ಗುಂಡಿ ಮಾಡುವವರುಂಟು. ಜೂನ್ ಬಂದರೆ ಅದು ಕೆರೆಯಾಗುತ್ತದೆ.

ಧರೆ ಇಲ್ಲದಲ್ಲಿ ಕಟ್ಟೆಯನ್ನೇ ಕಟ್ಟಬೇಕು. ನಮ್ಮ ಅಭಿಪ್ರಾಯದಲ್ಲಿ 6 ಅಂಗುಲದ 7 ಮೆಟ್ಟಿಲು, ಒಟ್ಟು 3½ ಅಡಿ ಎತ್ತರವಿದ್ದರೆ ಟ್ರೈಲರಿಗೆ ಸರಿಹೋಗುತ್ತದೆ. ಐದನೆಯ ಮೆಟ್ಟಿಲನ್ನು, ಎಂದರೆ 2½ ಅಡಿ ಎತ್ತರದಲ್ಲಿ, ಇಬ್ಬರು ನಿಲ್ಲುವಷ್ಟು ಅಗಲ ಮಾಡಿಬಿಟ್ಟರೆ ಅದೇ ಪಿಕಪ್ಪಿನ ಕಟ್ಟೆ. ಲಾರಿಗೆ ಮಾತ್ರ ಇನ್ನೂ ಅರ್ಧ ಅಡಿ ಮುಕ್ಕಾಲು ಅಡಿ ಏರಬೇಕಾದೀತು, ಅದಕ್ಕೊಂದು ಭದ್ರವಾದ ಮರದ ಮಣೆ ಸಾಕು. ಖಾಲಿ ಗಾಡಿ ಎತ್ತರ ನಿಲ್ಲುತ್ತದೆ, ಭಾರ ಬಿದ್ದಂತೆ ಸ್ಪ್ರಿಂಗು ಕೂತು ಕೆಲವು ಅಂಗುಲ ಇಳಿಯುತ್ತದೆ ಎಂಬುದನ್ನೂ ನೆನಪಿಡಬೇಕು. ಕಟ್ಟೆಗೂ ಹಲಗೆಗೂ ನಡುವೆ ಕಾಲು ಸಿಕ್ಕುವಂಥ ಸಂದು ಉಳಿದರೆ ಕಟ್ಟೆಯೇ ಅಪಾಯಕ್ಕೆ ಕಾರಣ. ಆ ಸಂದಿಗೆ ದಪ್ಪ ತಗಡನ್ನೋ ಹಲಗೆಯನ್ನೋ, ಜಾರದಂತೆ ಕೊಕ್ಕೆಯಿಟ್ಟು, ಹಾಸಬೇಕು. ಮೆಟ್ಟಿಲಿನ ಬದಲು ಇಳಿಜಾರು ಮಾಡಬಾರದೇ ಎಂದರೆ ಮಾಡಬಹುದು. ಆದರೆ ಗಾಲಿಕುರ್ಚಿಗೆ ಒಪ್ಪುವ ಇಳಿಜಾರು 1 ಅಡಿ ಏರಲು 12 ಅಡಿ ಉದ್ದ ಬೇಡುತ್ತದೆ. 3½ ಅಡಿಗೆ 42 ಅಡಿಯಾಯಿತು. ಅಷ್ಟು ಅಂಗಳವಿದ್ದವರು ಮಾಡಿಸಲಿ.

ಕಟ್ಟೆಗಿಂತ ಹೆಚ್ಚಿನದು ಹಿಡಿಕೆ. ಕಾಲು ಸೋತವನಿಗೆ ಕೈಯೇ ಮೂರನೆಯ ಕಾಲು. ಮೆಟ್ಟಿಲಿನ ಬದಿಗೆ ಒಂದೂಕಾಲು ಅಂಗುಲದ ಜಿ.ಐ. ಪೈಪನ್ನು ಸಿಮೆಂಟಿನಲ್ಲಿ ಭದ್ರವಾಗಿ ನಿಲ್ಲಿಸಬೇಕು. ಅದಕ್ಕಿಂತ ಬಹಳ ದಪ್ಪವಾದರೆ ಹೆಂಗಸರ ಮುಷ್ಟಿಗೆ ಹಿಡಿತ ಸಿಗದು. ಹಗ್ಗ ಕಟ್ಟಿದರಾಯಿತು ಎನ್ನುವವರಿದ್ದಾರೆ. ಹಗ್ಗ ಓಲಾಡುತ್ತದೆ, ಅದನ್ನು ನಂಬಿ ಭಾರ ಬಿಟ್ಟವರು ಪಕ್ಕಕ್ಕೆ ತಿರುಗಿ ಬೀಳುತ್ತಾರೆ. ಇನ್ನು ಮಳೆಗಾಲದ ಪಾಚಿ. ಕಟ್ಟೆಯ ಮೈ ಒರಟಾಗಿರಲಿ, ನಯವಾಗಿ ಗಾರೆ ಮಾಡಿಸಬೇಡಿ. ಮೇ ತಿಂಗಳ ಕೊನೆಗೊಮ್ಮೆ, ಮಳೆ ನಡುವೆ ಎರಡು ಸಲ ಬ್ಲೀಚಿಂಗ್ ಪುಡಿ ಹಾಕಿ ತೆಂಗಿನ ಕಡ್ಡಿಪೊರಕೆಯಲ್ಲಿ ಉಜ್ಜಬೇಕು. ಅಡಿಕೆ ದಬ್ಬೆ ಹಾಸಿ ಅದನ್ನೇ ಏಣಿ ಮಾಡಿಕೊಳ್ಳುವುದು ನಮ್ಮಲ್ಲಿ ರೂಢಿ. ಒಣಗಿದಾಗ ಅಡ್ಡಿಯಿಲ್ಲ, ನೆನೆದ ದಬ್ಬೆ ಮಾತ್ರ ಎಣ್ಣೆ ಸವರಿದಂತೆ.

ಕಟ್ಟೆ ಒಂದು ಕಡೆ ಇರುತ್ತದೆ, ಗಾಡಿ ಹತ್ತು ಕಡೆ ನಿಲ್ಲುತ್ತದೆ ಎಂಬ ಮಾತು ನಿಜ. ಸ್ವಂತ ಟ್ರೈಲರ್ ಇರುವ ಸದಸ್ಯರು ಊರಿನ ವೆಲ್ಡಿಂಗ್ ಶೆಡ್ಡಿನಲ್ಲಿ ಕೊಕ್ಕೆಯೇಣಿಯೊಂದನ್ನು ಮಾಡಿಸಿ ಟ್ರೈಲರಿನ ಬದಿಗೇ ತೂಗುಹಾಕಿಕೊಳ್ಳುವುದು ಒಳ್ಳೆಯದು. ಮೆಟ್ಟಿಲು ದುಂಡು ಸರಳಿನದಾಗಬಾರದು, ಪಾದ ಇಡುವಷ್ಟು ಅಗಲದ ಚಪ್ಪಟೆ ಪಟ್ಟಿಯಾಗಿರಬೇಕು. ಕೆಳಗಿನ ಮೆಟ್ಟಿಲು ನೆಲದಿಂದ 1 ಅಡಿಗಿಂತ ಎತ್ತರ ಬೇಡ. ಏಣಿಯ ಎರಡು ಕಂಬಗಳಲ್ಲಿ ಒಂದಾದರೂ ಟ್ರೈಲರಿನ ಹಲಗೆಯಿಂದ ಮೂರಡಿ ಮೇಲಕ್ಕೆ ಮುಂದುವರಿದಿರಬೇಕು. ಏಕೆಂದರೆ ಏಣಿ ಹತ್ತಿದವರು ತಡವರಿಸುವುದು ಕೊನೆಯ ಮೆಟ್ಟಿಲಿನಲ್ಲಿ, ಹಿಡಿಯಲು ಏನೂ ಇಲ್ಲದೆ ಇರುವಾಗ.

ಹತ್ತುವ ಕ್ರಮದ ಬಗ್ಗೆಯೂ ನಾಲ್ಕು ಮಾತು ಹೇಳಬೇಕಾಗಿದೆ. ಹತ್ತುವಾಗ ಗಟ್ಟಿ ಕಾಲು ಮುಂದೆ, ಇಳಿಯುವಾಗ ನೋವಿನ ಕಾಲು ಮುಂದೆ. ಎರಡು ಕೈ, ಎರಡು ಕಾಲುಗಳಲ್ಲಿ ಮೂರು ಯಾವಾಗಲೂ ಊರಿರಬೇಕು, ಒಂದು ಮಾತ್ರ ಚಲಿಸಬೇಕು. ಆದ್ದರಿಂದ ಕೈಯಲ್ಲಿ ಕತ್ತಿ, ಬುತ್ತಿ ಹಿಡಿದು ಹತ್ತುವುದಲ್ಲ, ಅವನ್ನು ಮೊದಲು ಮೇಲಿನವರಿಗೆ ಕೊಡುವುದು. ಇಳಿಯುವಾಗ ಏಣಿಯ ಕಡೆಗೇ ಮುಖವಿರಲಿ. ಏಣಿ, ಕಟ್ಟೆ ಯಾವುದೂ ಇಲ್ಲದೆ ಪಿಕಪ್ ಹತ್ತಲೇಬೇಕಾದಾಗ ಹಿಂದಿನ ಡೋರು ಬಿಚ್ಚಿಸಿ, ಒಂದಡಿ ಎತ್ತರದ ಗಟ್ಟಿ ಮಣೆಯ ಮೇಲೆ ಬೆನ್ನು ಗಾಡಿಯ ಕಡೆ ಮಾಡಿ ನಿಂತು, ಮೊದಲು ಹಲಗೆಯ ಮೇಲೆ ಕೂತುಕೊಂಡು ಆಮೇಲೆ ಕಾಲುಗಳನ್ನು ಒಳಗೆ ತೆಗೆದುಕೊಳ್ಳುವುದು ಮಂಡಿಗೆ ಹಿತ. ನೆರವಾಗುವವರು ಮೇಲಿನಿಂದ ರಟ್ಟೆ ಎಳೆಯಬಾರದು. ಕೆಳಗೆ ಹಿಂದೆ ನಿಂತು ಸೊಂಟದ ಬಳಿ ಆಸರೆ ಕೊಡಬೇಕು, ಅದೂ ಕೇಳಿ. ಹೆಂಗಸರಿಗೆ ಹೆಂಗಸರೇ ನೆರವಾದರೆ ಲೇಸು. ಬೆರಳಿನ ಉಂಗುರ ಡೋರಿನ ಕೊಂಡಿಗೆ ಸಿಕ್ಕಿಕೊಂಡಿರುವಾಗ ಕೆಳಕ್ಕೆ ಧುಮುಕಿದರೆ ಬೆರಳೇ ಕಿತ್ತುಬರುವುದುಂಟು. ಲೋಡಿಂಗಿನ ದಿನ ಉಂಗುರ ಮನೆಯಲ್ಲಿರಲಿ. ಪ್ಲಾಸ್ಟಿಕ್ ಚೀಲಗಳ ಮೇಲೆ ಹತ್ತಿ ನಿಲ್ಲುವುದು ಗೋಣಿಯ ಮೇಲೆ ನಿಂತಂತಲ್ಲ, ಬೇಗ ಜಾರುತ್ತದೆ.

ಎತ್ತಿನ ಗಾಡಿ ಹೊಡೆದ ಹಿರಿಯರಿಗೆ ಒಂದು ಸಂಗತಿ ಗೊತ್ತು. ಎತ್ತು ಬಿಚ್ಚಿದ ಗಾಡಿಯ ಹಿಂಬದಿಗೆ ಹತ್ತಿದರೆ ಮೂಕಿ ಮೇಲೇಳುತ್ತದೆ. ಎರಡು ಚಕ್ರದ ಟ್ರೈಲರಿನ ಹಣೆಬರಹವೂ ಅದೇ. ಟ್ರಾಕ್ಟರಿನಿಂದ ಕಳಚಿಟ್ಟ ಟ್ರೈಲರನ್ನು ಹಿಂದಿನಿಂದ ಹತ್ತುವಂತಿಲ್ಲ. ಟ್ರಾಕ್ಟರಿಗೂ ಟ್ರೈಲರಿಗೂ ನಡುವಿನ ಕೊಂಡಿಯ ಮೇಲೆ ಕಾಲಿಟ್ಟು ಹತ್ತುವುದಂತೂ, ಎಂಜಿನ್ ನಿಂತಿದ್ದರೂ, ಬೇಡವೇ ಬೇಡ. ಇಳಿಜಾರಿನಲ್ಲಿ ನಿಲ್ಲಿಸಿದ ಗಾಡಿಯ ಚಕ್ರಕ್ಕೆ ಕಲ್ಲು ಕೊಟ್ಟ ಮೇಲೆಯೇ ಮೊದಲನೆಯವರು ಹತ್ತಬೇಕು. ಹತ್ತಿ ಕೂತಾಯಿತೆಂದು ಎಲ್ಲರೂ ಹೇಳಿದ ಮೇಲೆಯೇ ಡ್ರೈವರು ಗೇರು ಹಾಕಬೇಕು.

ಹೊರೆಯ ಮಾತನ್ನೂ ಇಲ್ಲಿಯೇ ಮುಗಿಸುತ್ತೇವೆ. ವಯಸ್ಕ ಗಂಡಾಳು ಹೊರುವ ಭಾರ 55 ಕಿಲೋಕ್ಕಿಂತ ಹೆಚ್ಚಿರುವ ಕಡೆ ಅದನ್ನು ಆದಷ್ಟು ಬೇಗ ಆ ಮಟ್ಟಕ್ಕೆ ಇಳಿಸಬೇಕೆಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿದೆ. ಕಾಫಿಯಲ್ಲಿ 50 ಕಿಲೋ ಚೀಲದ ಲೆಕ್ಕ ರೂಢಿಯಲ್ಲಿದೆ. ಅಡಿಕೆ ಚೀಲವನ್ನು ಎಷ್ಟೋ ಕಡೆ ಅದಕ್ಕಿಂತ ಭಾರ ತುಂಬುತ್ತಾರೆ. ಚೀಲ ಕಡಿಮೆಯಾದರೆ ಹಮಾಲಿ ಕಡಿಮೆಯಾಗುತ್ತದೆಂಬ ಈ ಉಳಿತಾಯ ನಮಗೆ ಒಪ್ಪಿಗೆಯಿಲ್ಲ.

ಆಕ್ಷೇಪಗಳೇನೆಂದು ನಮಗೆ ಗೊತ್ತು. ಕಾಲಿಲ್ಲದವರನ್ನು ಗಾಡಿಯ ಕೆಲಸಕ್ಕೆ ಹಾಕುವುದೇ ಬೇಡ, ಚೀಲದ ಬಾಯಿ ಹೊಲಿಯಲು, ತೂಕ ಬರೆಯಲು ಕೂರಿಸಿ ಎಂಬುದು ಒಂದು. ಕೂರಿಸೋಣ, ಕೂಲಿ ಕಡಿಮೆ ಮಾಡದೆ. ಆದರೆ ಅಂಥ ಕೆಲಸ ವರ್ಷಕ್ಕೆ ಎಷ್ಟು ದಿನ? ಉಳಿದ ದಿನ ಅವರೂ ಅದೇ ಗಾಡಿಯಲ್ಲಿ ಬಂದು ಹೋಗಬೇಕಲ್ಲ. ಇಷ್ಟು ವರ್ಷ ನಡೆದಿಲ್ಲವೇ ಎಂಬುದು ಇನ್ನೊಂದು. ಇಷ್ಟು ವರ್ಷ ಮನೆಗೆ ಮೂವರು ಗಂಡುಮಕ್ಕಳಿದ್ದರು, ಊರಿಗೆ ನಲವತ್ತು ಆಳಿದ್ದರು. ಖರ್ಚೆಂದರೆ ಧರೆಯ ಗೋಡೆಗೂ ಪೈಪಿಗೂ ಆಗುವುದು ಒಂದು ಬಿದ್ದ ಸೊಂಟದ ಮೂಳೆ ಕೂಡಿಸುವ ಆಸ್ಪತ್ರೆಯ ಬಿಲ್ಲಿಗಿಂತ ಎಷ್ಟೋ ಕಡಿಮೆ. ಒಂಟಿಯಾಗಿ ಮಾಡಿಸಲಾಗದವರು ನಾಲ್ಕು ಮನೆ ಸೇರಿ ರಸ್ತೆ ಬದಿಯ ಹಾಲಿನ ಡೇರಿಯ ಹತ್ತಿರವೋ ಬಸ್ಸು ನಿಲ್ಲುವಲ್ಲಿಯೋ ಒಂದು ಕಟ್ಟೆ ಕಟ್ಟಿಕೊಳ್ಳಬಹುದು.

ಬೆಳೆಗಾರರಿಗೆ ಹೇಳುವ ಮೊದಲು ಸಂಘ ತಾನೇ ಮಾಡಿ ತೋರಿಸಬೇಕೆಂಬುದು ನಮ್ಮ ನಿಲುವು. ಗೋದಾಮುಗಳಲ್ಲಿಯೂ ಖರೀದಿ ಕೇಂದ್ರಗಳಲ್ಲಿಯೂ ಲಾರಿಯ ಎತ್ತರದ ಕಟ್ಟೆ, ಅದಕ್ಕೆ ಮೆಟ್ಟಿಲು ಮತ್ತು ಹಿಡಿಕೆ ಇರಬೇಕು. ಮಾದರಿ ತೆಗೆಯುವುದು ಆ ಕಟ್ಟೆಯ ಮೇಲೆಯೇ, ಸದಸ್ಯರು ನಿಂತು ನೋಡುವಂತೆ ಆಗಬೇಕು. ಬಾಡಿಗೆ ಲಾರಿ ಗೊತ್ತುಮಾಡುವಾಗ ಏಣಿಯಿರುವ ಗಾಡಿಗೆ ಮೊದಲ ಪಾಳಿ ಕೊಟ್ಟರೆ ಲಾರಿಯವರೂ ಒಂದೇ ವರ್ಷದಲ್ಲಿ ಏಣಿ ಹಾಕಿಸುತ್ತಾರೆ.

ಈ ವಿಷಯವನ್ನು ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಮಂಡಿಸುವವರಿದ್ದೇವೆ. ಅಷ್ಟರೊಳಗೆ ತಮ್ಮ ಕಣದ ಬಳಿ ಗಾಡಿ ನಿಲ್ಲುವ ಜಾಗದ ಧರೆಯ ಎತ್ತರವನ್ನೂ ತಮ್ಮಲ್ಲಿಗೆ ಬರುವ ಗಾಡಿಯ ಹಲಗೆಯ ಎತ್ತರವನ್ನೂ, ಖಾಲಿಯಿದ್ದಾಗ ಒಮ್ಮೆ, ಲೋಡಾದ ಮೇಲೆ ಒಮ್ಮೆ ಅಳೆದು ಒಂದು ಕಾಗದದಲ್ಲಿ ಬರೆದು ಸಂಘದ ಕಚೇರಿಗೆ ತಲುಪಿಸಬೇಕೆಂದು ಸದಸ್ಯರನ್ನು ಕೋರುತ್ತೇವೆ. ಈಗಾಗಲೇ ಕಟ್ಟೆ ಕಟ್ಟಿಸಿಕೊಂಡವರು ಆದ ಖರ್ಚನ್ನೂ ಬರೆದರೆ ಉಪಕಾರವಾಗುತ್ತದೆ.